ಸರ್ವರ್ ಮುನಿಸಿಕೊಂಡರೆ...

ಪ್ರಾಜೆಕ್ಟ್ ಒಪ್ಪಿಸಲು ಎರಡೇ ದಿನ. ನಿನ್ನೆಯವರೆಗೂ ನಡೆಯುತ್ತಿದ್ದ ಎಸ್‌ಕ್ಯುಎಲ್ ಸರ್ವರ್ ಇಂದು ಏಳಲೊಲ್ಲದು. ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ದುಡಿದು ತುಂಬಿದ ಮಾಹಿತಿಯೂ ಹೋದೀತು. ಮೊದಲು ‘ಎರರ್‌ಲಾಗ್’ ಕಡತ ಓದಿ.

ಯಾರು, ಯಾವಾಗ, ಏನು ಮಾಡಿದರೆಂದು ಬರೆದಿಡುವ ದಿನಚರಿಯೇ ಆಡಿಟ್. 2008ರ ಆವೃತ್ತಿಯಲ್ಲಿ ಬಂದ ಈ ಸೌಲಭ್ಯದಲ್ಲಿ ‘ಶಟ್‌ಡೌನ್’ ಆಯ್ಕೆ ಮಾಡಿದ್ದರೆ, ದಿನಚರಿ ಬರೆಯಲಾಗದಾಗ ಸರ್ವರ್ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಡಿಸ್ಕ್ ತುಂಬಿದೆಯೇ, ಆ ಫೋಲ್ಡರ್‌ನಲ್ಲಿ ಬರೆಯಲು ಸರ್ವರ್‌ನ ಸರ್ವಿಸ್ ಖಾತೆಗೆ ಅನುಮತಿ ಇದೆಯೇ ನೋಡಿ. ಆಗಲೂ ಏಳದಿದ್ದರೆ ‘-ಎಫ್’ ಸೂಚನೆಯೊಡನೆ ಶುರು ಮಾಡಿ, ಆಡಿಟ್ ನಿಲ್ಲಿಸಿ, ಆಯ್ಕೆಯನ್ನು ‘ಕಂಟಿನ್ಯೂ’ಗೆ ಬದಲಿಸಿ.

ಪಾಲಕರೇ, ಬೈಯುವ ಬದಲು ವಾರಕ್ಕೊಮ್ಮೆ ಕೇಳಿ: ‘ಬ್ಯಾಕಪ್ ತೆಗೆದಿಟ್ಟೆಯಾ?’