ತಿಸ್ರೆಯ ಲೆಕ್ಕ ಬರೆಯುವವರು ಯಾರು?

ನೀರಿಳಿತದ ಹೊತ್ತಿಗೆ ಜುವಾರಿ ಹೊಳೆಯ ದಂಡೆಗೆ ಹೋಗಿ ನೋಡಿ. ಮೊಣಕಾಲುದ್ದ ನೀರಲ್ಲಿ ತಿಸ್ರೆ ಆರಿಸುವವರ ನಡುವೆ ನಮ್ಮ ವಿಜಾಪುರ, ಬಾಗಲಕೋಟೆ ಕಡೆಯ ಮಂದಿಯೂ ಸಿಗ್ತಾರೆ. ಊರಲ್ಲಿ ಇದನ್ನು ಕಂಡವರಲ್ಲ, ಗೋವಾಕ್ಕೆ ದುಡಿಯಲು ಬಂದು ರುಚಿ ಕಲಿತವರು. "ನೀರು ಹೊಲಸೈತಲ್ಲವಾ, ತಿಂದ್ರ ನಡೀತದೇನು?" ಅಂತ ಒಬ್ಬ ತಾಯಿಯನ್ನು ಕೇಳಿದೆ. "ಚಲೋತ್ನಂಗ ಕುದಿಸಿದ್ರ ಏನೂ ಆಗೂದಿಲ್ರೀ ಅಣ್ಣಾ" ಅಂದರು.

ಅರ್ಧ ಮಾತು ನಿಜ. ಚೆನ್ನಾಗಿ ಕುದಿಸಿದರೆ ರೋಗಾಣು ಬಹುಪಾಲು ಸಾಯುತ್ತವೆ. ಆದರೆ ಪಾದರಸ, ಸೀಸ, ಕ್ಯಾಡ್ಮಿಯಂ ಒಲೆಯ ಮೇಲೆ ಸಾಯುವ ವಸ್ತುಗಳಲ್ಲ.

ತಿಸ್ರೆ, ಕಾಲವಾ, ಶಿನಾಣೆಗಳು ಇದ್ದಲ್ಲೇ ಇದ್ದು ನೀರು ಸೋಸಿ ಬದುಕುವ ಜೀವಿಗಳು. ನೀರಿನ ವಿಷ ಅವುಗಳ ಮೈಯಲ್ಲಿ ಜಮಾ ಆಗುತ್ತದೆ. ಬಾಟಲಿಯಲ್ಲಿ ಹಿಡಿದ ನೀರು ಆ ದಿನದ ಗಲ್ಲಾ ಇದ್ದಂತೆ; ತಿಸ್ರೆ ಅಂದರೆ ತಿಂಗಳುಗಟ್ಟಲೆಯ ಖಾತೆಪುಸ್ತಕ. ರಾತ್ರಿ ಬಿಟ್ಟ ಕೊಳಕು ಬೆಳಿಗ್ಗೆ ಕೊಚ್ಚಿಹೋದರೂ ಖಾತೆಯಲ್ಲಿ ನಮೂದಾಗಿರುತ್ತದೆ. ಅಮೆರಿಕದಲ್ಲಿ 1986ರಲ್ಲಿ ಶುರುವಾದ 'ಮಸೆಲ್ ವಾಚ್' ಯೋಜನೆಯ ತತ್ವ ಇದೇ.

ನಮ್ಮ ಕಡೆ ಇದು ಗೊತ್ತಿಲ್ಲದ ವಿದ್ಯೆಯಲ್ಲ. ಗಡಿಯಾಚೆ ಕಾರವಾರದಲ್ಲಿ ಕಾಸ್ಟಿಕ್ ಸೋಡಾ ಕಾರ್ಖಾನೆಯ ಸುತ್ತಲಿನ ಸಮುದ್ರಜೀವಿಗಳಲ್ಲಿ ಸೇರಿದ ಲೋಹಗಳ ಕುರಿತು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರಲ್ಲೇ ಪ್ರಬಂಧ ಪ್ರಕಟಿಸಿದ್ದಾರೆ. ಹಡಗಿನ ತಳಕ್ಕೆ ಬಳಿಯುತ್ತಿದ್ದ ಟಿಬಿಟಿ ಬಣ್ಣದ ವಿಷದಿಂದ ಹೆಣ್ಣು ಶಂಖದಹುಳುಗಳಲ್ಲಿ ಗಂಡಿನ ಅಂಗ ಮೂಡುತ್ತದೆ. ಗೋವಾ ಕರಾವಳಿಯಲ್ಲಿ ಇದನ್ನು ದೋನಾಪಾವ್ಲದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 1999ರಲ್ಲಿ ದಾಖಲಿಸಿದರು. ಆ ಬಣ್ಣಕ್ಕೆ ಅಂತಾರಾಷ್ಟ್ರೀಯ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ.

ಹಾಗಾದರೆ ಕೊರತೆ ಎಲ್ಲಿ? ಜುಲೈ 2018ರ ಫಾರ್ಮಾಲಿನ್ ಗದ್ದಲ ನೆನಪಿಸಿಕೊಳ್ಳಿ. ಮಡಗಾಂವ್ ಸಗಟು ಮಾರುಕಟ್ಟೆಯಲ್ಲಿ ತಪಾಸಣೆ, ಹೊರಗಿನ ಮೀನಿಗೆ ನಿರ್ಬಂಧ. ವರ್ಷದ ಕೊನೆಗೆ ಕಾರವಾರದ ಲಾರಿಗಳೂ ಪೋಳೆ ಗಡಿಯಿಂದ ವಾಪಸ್. ಹೊರಗಿನಿಂದ ಬಂದ ಮೀನಿಗೆ ಅಷ್ಟು ಕಾವಲು ಬಂತು. ಇಲ್ಲೇ ಹೊಳೆಯಲ್ಲಿ ಬೆಳೆದದ್ದರ ಬಗ್ಗೆ ಅದೇ ಜೋರಿನಲ್ಲಿ ಕೇಳಿದವರು ಕಡಿಮೆ. ಫಾರ್ಮಾಲಿನ್ ಹಿಡಿದ ಮೇಲೆ ಹಾಕುವ ಮಾತಾಯಿತು, ಲೋಹ ಹಿಡಿಯುವ ಮೊದಲೇ ಒಳಗಿರುತ್ತದೆ. ವಿದೇಶಕ್ಕೆ ಹೋಗುವ ಸೀಗಡಿಗೆ ಪರೀಕ್ಷೆಯ ಸರ್ಟಿಫಿಕೇಟ್ ಬೇಕು. ಬಡವನ ಪಾತೇಲಿಗೆ ಬೀಳುವ ತಿಸ್ರೆಗೆ?

ತಿಸ್ರೆ ತಿನ್ನಬೇಡಿ ಅಂತ ಹೆದರಿಸುವುದು ನಮ್ಮ ಉದ್ದೇಶವಲ್ಲ. ಜುವಾರಿ, ಮಾಂಡವಿಯ ತಿಸ್ರೆ ಆರಿಸುವ ಜಾಗಗಳಿಂದಲೇ ಮಳೆಗಾಲಕ್ಕೆ ಮೊದಲು, ಆಮೇಲೆ ಮಾದರಿ ತೆಗೆಯಲಿ. ಫಲಿತಾಂಶವನ್ನು ಕಡತದಲ್ಲಿ ಇಡದೆ ದಂಡೆಯ ಮೇಲೆ ಬೋರ್ಡು ಹಾಕಲಿ. ಕೊಂಕಣಿ, ಮರಾಠಿ ಜೊತೆ ಕನ್ನಡದಲ್ಲೂ ಬರೆಯಲಿ. ಆರಿಸುವ ಕೈಗಳಲ್ಲಿ ನಮ್ಮವರ ಕೈಯೂ ಇವೆ, ಉಣ್ಣುವ ಮಕ್ಕಳಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಆ ತಾಯಿಗೆ ಕುದಿಸುವುದು ಗೊತ್ತು. ಉಳಿದದ್ದನ್ನು ತಿಳಿಸುವುದು ಸರಕಾರದ ಕೆಲಸ.