ಅಂಗೈಯಗಲದ ಪುಸ್ತಕ

ಕೆಲವು ವರ್ಷಗಳ ಹಿಂದೆ ಎಂ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ನನ್ನಲ್ಲಿಗೆ ಬಂದು, ಮಕ್ಕಳ ಚಿತ್ರಪುಸ್ತಕಗಳನ್ನು ಕುರಿತು ಪ್ರಬಂಧ ಬರೆಯಬೇಕೆಂಬ ತನ್ನ ಆಸೆಯನ್ನು ತಿಳಿಸಿದಳು. ನಾನು ನಕ್ಕು, "ಸ್ವಲ್ಪ ತೂಕವುಳ್ಳ ವಿಷಯವನ್ನು ಆರಿಸಿಕೊಳ್ಳಮ್ಮ" ಎಂದೆ. ಅವಳು ಮರುಮಾತಾಡದೆ ಹಿಂತಿರುಗಿದಳು. ಹಳಗನ್ನಡ ಕಾವ್ಯವೊಂದರ ವರ್ಣನೆಗಳನ್ನು ಕುರಿತು ಬರೆದು, ಒಳ್ಳೆಯ ಅಂಕಗಳನ್ನು ಪಡೆದು ಹೋದಳು. ಆ ಮಾತನ್ನು ನಾನು ಮರೆತೇಬಿಟ್ಟಿದ್ದೆ. ಕಳೆದ ಬೇಸಗೆಯಲ್ಲಿ ಅದು ನೆನಪಾಗಿ ನನ್ನನ್ನು ನಾಚಿಸಿತು.

ರಜೆಗೆಂದು ನನ್ನ ತಂಗಿಯ ಮಗಳು ಮನೆಗೆ ಬಂದಿದ್ದಳು. ಐದು ವರ್ಷದ ಮಗು. ಅಕ್ಷರಗಳು ಇನ್ನೂ ಪೂರ್ತಿಯಾಗಿ ವಶವಾಗಿಲ್ಲ. ಅವಳ ಕೈಯಲ್ಲಿ ಬಿಯಾಟ್ರಿಕ್ಸ್ ಪಾಟರಳು ಬರೆದ ಪೀಟರ್ ಮೊಲದ ಕಥೆಯಿತ್ತು. ನಾನು ಇಂಗ್ಲಿಷನ್ನು ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೆ. ನೆರೆಯ ತೋಟಕ್ಕೆ ಮಾತ್ರ ಹೋಗಕೂಡದೆಂದು ತಾಯಿಮೊಲ ತನ್ನ ನಾಲ್ಕು ಮರಿಗಳಿಗೆ ಬುದ್ಧಿ ಹೇಳುವ ಪುಟ ಬಂದಿತು. "ಮಾವ, ಇವನು ಅಮ್ಮನ ಮಾತು ಕೇಳ್ತಾನೇ ಇಲ್ಲ, ನೋಡು" ಎಂದಳು. ನೋಡಿದೆ. ಮೂರು ಹೆಣ್ಣುಮರಿಗಳು ತಾಯಿಯ ಬಳಿ ಗುಂಪುಗೂಡಿವೆ. ನೀಲಿ ಅಂಗಿಯ ಪೀಟರ್ ಒಬ್ಬನೇ ಬೆನ್ನು ತಿರುಗಿಸಿ ನಿಂತಿದ್ದಾನೆ. ಅವನು ತುಂಟನೆಂಬ ಮಾತು ಬರಹದಲ್ಲಿ ಇನ್ನೂ ಬಂದಿರಲೇ ಇಲ್ಲ!

ಇಪ್ಪತ್ತು ವರ್ಷಗಳಿಂದ ನಾನು ತರಗತಿಯಲ್ಲಿ ಆನಂದವರ್ಧನನ ಧ್ವನಿತತ್ತ್ವವನ್ನು ಬೋಧಿಸುತ್ತ ಬಂದಿದ್ದೇನೆ. ಹೇಳಿದುದಕ್ಕಿಂತ, ಹೇಳದೆ ಸೂಚಿಸಿದುದರಲ್ಲಿಯೇ ಕಾವ್ಯದ ಜೀವವಿದೆ ಎಂದು ಎಷ್ಟೋ ಉದಾಹರಣೆಗಳನ್ನು ಕೊಟ್ಟಿದ್ದೇನೆ. ಇಲ್ಲಿ ಮಾತು ವಾಚ್ಯವನ್ನಷ್ಟೇ ನುಡಿದು ಸುಮ್ಮನಾಗಿದೆ. ವ್ಯಂಗ್ಯವನ್ನು ಚಿತ್ರವು ವಹಿಸಿಕೊಂಡಿದೆ. ಅದನ್ನು ಗ್ರಹಿಸಿದ ಸಹೃದಯಳಿಗೆ ಐದು ವರ್ಷ. ನಾನು ಆ ಪುಟವನ್ನು ಓದಿದ್ದೆ, ಆದರೆ ಕಂಡಿರಲಿಲ್ಲ.

ಪಾಟರಳಿಗೆ ಈ ಶಕ್ತಿ ಎಲ್ಲಿಂದ ಬಂದಿತು? ಆಕೆ ಹುಟ್ಟಿದ್ದು 1866ರಲ್ಲಿ, ಲಂಡನ್ನಿನ ಸಿರಿವಂತ ಮನೆತನದಲ್ಲಿ. ಶಾಲೆಗೆ ಹೋದವಳಲ್ಲ, ಉಪಾಧ್ಯಾಯಿನಿಯರು ಮನೆಗೇ ಬಂದು ಕಲಿಸಿದರು. ಮೊಲ, ಇಲಿ, ಕಪ್ಪೆ, ಬಾವಲಿಗಳೇ ಆಕೆಗೂ ತಮ್ಮನಿಗೂ ಒಡನಾಡಿಗಳು. ಅವುಗಳನ್ನು ಮುದ್ದಿಸಿದ್ದಷ್ಟೇ ಅಲ್ಲ, ಎಲುಬಿನ ಕಟ್ಟು ತಿಳಿಯುವವರೆಗೆ ಬಿಡದೆ ನೋಡಿ ಬರೆದಳು. ಮುಂದೆ ಅಣಬೆಗಳ ಅಧ್ಯಯನದಲ್ಲಿ ತೊಡಗಿ ನೂರಾರು ವರ್ಣಚಿತ್ರಗಳನ್ನು ರಚಿಸಿದಳು. ಈ ವಿದ್ಯೆಯಲ್ಲಿ ಆಕೆಗೆ ನೆರವಾದವನು ಸ್ಕಾಟ್ಲೆಂಡಿನ ಹಳ್ಳಿಗಾಡಿನ ಒಬ್ಬ ಅಂಚೆಯವನು, ಚಾರ್ಲ್ಸ್ ಮ್ಯಾಕಿಂಟಾಷ್. ಅಣಬೆಯ ಬೀಜಕಣಗಳು ಮೊಳೆಯುವ ಬಗೆಯನ್ನು ಕುರಿತ ಆಕೆಯ ಪ್ರಬಂಧ 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಮುಂದೆ ಬಂದಿತು. ಹೆಂಗಸರಿಗೆ ಆ ಸಭೆಯಲ್ಲಿ ಪ್ರವೇಶವಿರಲಿಲ್ಲವಾಗಿ, ಅದನ್ನು ಮಂಡಿಸಿದವರು ಬೇರೊಬ್ಬರು. ಪ್ರಬಂಧ ಅಚ್ಚಾಗಲಿಲ್ಲ. ಸರಿಯಾಗಿ ನೂರು ವರ್ಷಗಳ ಅನಂತರ, 1997ರಲ್ಲಿ, ಆಕೆಗೆ ಅನ್ಯಾಯವಾಯಿತೆಂದು ಆ ಸಂಸ್ಥೆಯೇ ಒಪ್ಪಿಕೊಂಡಿತು.

ವಿದ್ವತ್ಸಭೆ ಬಾಗಿಲು ತೆರೆಯದಿದ್ದರೂ ಆ ಕಣ್ಣು ವ್ಯರ್ಥವಾಗಲಿಲ್ಲ. ಅಣಬೆಯನ್ನು ನೋಡಿದ ಕಣ್ಣೇ ಮೊಲವನ್ನೂ ನೋಡಿತು. ಪೀಟರ್ ಅಂಗಿ ತೊಟ್ಟಿದ್ದರೂ ಅದರೊಳಗಿನ ಮೈ ಮೊಲದ ಮೈಯೇ. ತೋಟಗಾರನು ಬೆನ್ನಟ್ಟಿದಾಗ ಅವನ ಪಾದರಕ್ಷೆಗಳು ಕಳಚುತ್ತವೆ. ಒಡನೆ ನಾಲ್ಕು ಕಾಲಿನಲ್ಲಿ ಓಡತೊಡಗುತ್ತಾನೆ, ವೇಗವೂ ಹೆಚ್ಚುತ್ತದೆ. ಅಂಗಿಯ ಗುಂಡಿ ಬಲೆಗೆ ಸಿಕ್ಕಿಕೊಂಡಾಗ ಅಂಗಿಯನ್ನೇ ಬಿಟ್ಟು ಪಾರಾಗುತ್ತಾನೆ. ಮನುಷ್ಯನ ವೇಷ ಕಳಚಿದಷ್ಟೂ ಪ್ರಾಣಿಗೆ ಪ್ರಾಣ ಉಳಿಯುತ್ತದೆ. ಇದಕ್ಕಿಂತ ತೂಕವುಳ್ಳ ವಸ್ತುವನ್ನು ನಾನು ಆ ವಿದ್ಯಾರ್ಥಿನಿಗೆ ಎಲ್ಲಿಂದ ತಂದುಕೊಡಬಹುದಿತ್ತು?

ಈ ಕಥೆ ಮೊದಲು ಒಂದು ಕಾಗದವಾಗಿತ್ತು. ಹಿಂದೆ ತನಗೆ ಪಾಠ ಹೇಳಿದ್ದ ಉಪಾಧ್ಯಾಯಿನಿಯ ಐದು ವರ್ಷದ ಮಗ ಕಾಯಿಲೆ ಮಲಗಿದ್ದನೆಂದು, 1893ರ ಸೆಪ್ಟೆಂಬರ್ 4ರಂದು ಪಾಟರಳು ಅವನಿಗೆ ಚಿತ್ರಗಳ ಸಮೇತ ಬರೆದು ಕಳಿಸಿದಳು. ವರ್ಷಗಳಾದ ಮೇಲೆ ಅದನ್ನು ಪುಸ್ತಕವಾಗಿ ಬೆಳೆಸಿದಾಗ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ನಿರಾಕರಿಸಿದರು. ಪುಸ್ತಕ ಮಗುವಿನ ಕೈಗೆ ಹಿಡಿಯುವಷ್ಟು ಚಿಕ್ಕದಾಗಿರಬೇಕು, ಬೆಲೆಯೂ ಕಡಮೆಯಿರಬೇಕು ಎಂಬುದು ಆಕೆಯ ಹಟ. ಆರು ಷಿಲಿಂಗಿನ ಒಂದು ದೊಡ್ಡ ಪುಸ್ತಕಕ್ಕಿಂತ ಒಂದೊಂದು ಷಿಲಿಂಗಿನ ಎರಡು ಮೂರು ಸಣ್ಣ ಪುಸ್ತಕಗಳೇ ಮೇಲೆಂದು ಬಗೆದವಳು ಆಕೆ. ಕಡೆಗೆ 1901ರ ಡಿಸೆಂಬರಿನಲ್ಲಿ ಸ್ವಂತ ಹಣದಿಂದ 250 ಪ್ರತಿಗಳನ್ನು ಅಚ್ಚು ಹಾಕಿಸಿದಳು. ಮರುವರ್ಷ ಫ್ರೆಡರಿಕ್ ವಾರ್ನ್ ಪ್ರಕಾಶನದವರು ಅದನ್ನು ಬಣ್ಣದ ಚಿತ್ರಗಳೊಂದಿಗೆ ಹೊರತಂದರು. ಒಟ್ಟು ಇಪ್ಪತ್ತಮೂರು ಪುಟ್ಟ ಪುಸ್ತಕಗಳು ಬಂದವು.

ಮಕ್ಕಳ ಬರಹವೆಂದರೆ ಸತ್ಯಕ್ಕೆ ಸಕ್ಕರೆ ಸವರುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಪಾಟರಳು ಹಾಗೆ ಮಾಡಲಿಲ್ಲ. ಪೀಟರನ ತಂದೆ ಆ ತೋಟದಲ್ಲಿ ಸಿಕ್ಕಿಬಿದ್ದು ತೋಟಗಾರನ ಹೆಂಡತಿಯ ಅಡುಗೆಗೆ ಒದಗಿದನೆಂಬುದನ್ನು ಕಥೆಯ ಆರಂಭದಲ್ಲಿಯೇ ತಾಯಿಯ ಬಾಯಲ್ಲಿ ಹೇಳಿಸುತ್ತಾಳೆ. ನನ್ನ ಸೊಸೆಗೆ ಹೇಳುವಾಗ ನಾನು ಆ ಮಾತನ್ನು ನುಂಗಿಕೊಂಡಿದ್ದೆ. "ಇವನಪ್ಪ ಎಲ್ಲಿ?" ಎಂದು ಕೇಳಿದಳು. ಹೇಳಲೇಬೇಕಾಯಿತು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೇ ಅಮ್ಮ ಬೇಡ ಅಂದಿದ್ದು" ಎಂದಳು. ಅಂಜಿದ್ದವನು ನಾನೇ ಹೊರತು ಮಗುವಲ್ಲ.

ಆಕೆಯ ಬದುಕಿನಲ್ಲಿಯೂ ಅಂಥ ಪೆಟ್ಟುಗಳಿದ್ದವು. 1905ರ ಜುಲೈಯಲ್ಲಿ ಪ್ರಕಾಶಕ ಮನೆತನದ ನಾರ್ಮನ್ ವಾರ್ನ್ ಆಕೆಯ ಕೈಹಿಡಿಯಲು ಕೇಳಿದ. ವ್ಯಾಪಾರದವನೆಂದು ತಂದೆತಾಯಿಗಳು ಒಪ್ಪದಿದ್ದರೂ ಆಕೆ ಒಪ್ಪಿದಳು. ಆಗಸ್ಟ್ ತೀರುವ ಮುನ್ನವೇ ಅವನು ತೀರಿಕೊಂಡ. ಆ ವರ್ಷವೇ ಆಕೆ, ವರ್ಡ್ಸ್‌ವರ್ತ್ ಕವಿ ಬಾಳಿದ ಸರೋವರ ಪ್ರಾಂತದಲ್ಲಿ, ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. 1913ರಲ್ಲಿ ಅಲ್ಲಿನ ವಕೀಲ ವಿಲಿಯಂ ಹೀಲಿಸನನ್ನು ಮದುವೆಯಾಗಿ, ಕ್ರಮೇಣ ಲೇಖನಿಗಿಂತ ಕುರಿಹಿಂಡಿಗೇ ಹೆಚ್ಚು ಒಲಿದಳು. 1943ರ ಡಿಸೆಂಬರ್ 22ರಂದು ತೀರಿಕೊಂಡಾಗ 4,000 ಎಕರೆಗೂ ಮಿಕ್ಕಿದ ಭೂಮಿಯನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದಳು. ಪುಸ್ತಕಗಳ ಹಣ ಆ ನೆಲದ ರಕ್ಷಣೆಗೆ ಒದಗಿತು.

ಚಿತ್ರವಿದ್ದ ಮಾತ್ರಕ್ಕೆ ಪುಸ್ತಕ ಸಾಹಿತ್ಯಕೃತಿಯಾಗದು. ನೀತಿಯನ್ನು ಬಣ್ಣದ ಹಾಳೆಯಲ್ಲಿ ಸುತ್ತಿ ಕೊಡುವ ಪುಸ್ತಕಗಳೇ ಹೆಚ್ಚೆಂಬುದನ್ನು ನಾನು ಬಲ್ಲೆ. ಆದರೆ ಜೊಳ್ಳು ಕಾವ್ಯದಲ್ಲಿ ಇಲ್ಲವೇ? ಜೊಳ್ಳಿದೆಯೆಂದು ಕಾವ್ಯವನ್ನು ಪಠ್ಯದಿಂದ ತೆಗೆದವರುಂಟೇ? ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತೂರಿ ನೋಡುವುದೇ ವಿಮರ್ಶೆಯ ಕೆಲಸ. ಪಂಜೆಯವರು, ರಾಜರತ್ನಂ, ಕಾರಂತರು ಮಕ್ಕಳಿಗಾಗಿ ಬರೆಯುವುದನ್ನು ಕಿರಿದೆಂದು ಎಣಿಸಲಿಲ್ಲ. ಅಧ್ಯಾಪಕರಾದ ನಾವು ಎಣಿಸಿದೆವು. ಮಾತಿಗೂ ಚಿತ್ರಕ್ಕೂ ಇರುವ ನಂಟನ್ನು, ಪುಟ ತಿರುವುವ ಕ್ಷಣದ ಕುತೂಹಲವನ್ನು, ಹೇಳದೆ ಬಿಟ್ಟುದರ ಔಚಿತ್ಯವನ್ನು ವಿವೇಚಿಸಲು ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಸಾಕಷ್ಟು ಸಾಮಗ್ರಿಯಿದೆ. ಕನ್ನಡ ಎಂ.ಎ. ತರಗತಿಯಲ್ಲಿ ಇದಕ್ಕೊಂದು ಪತ್ರಿಕೆ ಏಕಿರಬಾರದು?

ಆ ವಿದ್ಯಾರ್ಥಿನಿ ಈಗ ಎಲ್ಲಿಯೋ ಅಧ್ಯಾಪಕಿಯಾಗಿರಬಹುದು. ಈ ಪುಟ ಅವಳ ಕಣ್ಣಿಗೆ ಬಿದ್ದರೆ, ಅಂದು ತಪ್ಪಿದವನು ನಾನೆಂದು ತಿಳಿಯಲಿ. ಅವಳಲ್ಲಿಗೂ ಯಾರಾದರೊಬ್ಬರು ಅಂಥದೇ ಪುಟ್ಟ ಪುಸ್ತಕವನ್ನು ಹಿಡಿದು ಬಂದರೆ, ಅವಳು ನನ್ನಂತೆ ನಗದಿರಲಿ.