ಡೆಮೋ ಮುಗೀತು, ವಿಡಿಯೋ ಎಲ್ಲಿದೆ?

ಮಿನಿ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ವಿಡಿಯೋ ಮೇಲೆ ಕೆಲಸ ಮಾಡೋ ಟೀಮ್‌ಗಳು ಪ್ರತಿ ಕ್ಲಾಸ್‌ನಲ್ಲೂ ಇರುತ್ತವೆ. ಕ್ಲಾಸ್‌ರೂಮ್ ವಿಡಿಯೋದಿಂದ ಅಟೆಂಡೆನ್ಸ್, ಜಿಮ್‌ನಲ್ಲಿ ಸ್ಕ್ವಾಟ್ ಸರಿಯಾಗಿದೆಯಾ ಅಂತ ನೋಡೋ ಆ್ಯಪ್, ಫೆಸ್ಟ್ ಡ್ಯಾನ್ಸ್‌ಗಳ ಹೈಲೈಟ್ಸ್... ಎಲ್ಲರ ತಲೆಬಿಸಿ ಮಾಡೆಲ್ ಬಗ್ಗೆಯೇ. ಸ್ಟೋರೇಜ್ ವಿಷಯ ಬಂದಾಗ ಮಾತ್ರ ಲ್ಯಾಬ್‌ನಲ್ಲಿ ಕೇಳಿಸೋದು ಒಂದೇ ಮಾತು: "ಬಕೆಟ್ ಪಬ್ಲಿಕ್ ಮಾಡಿಬಿಡು ಮಗಾ, ಡೆಮೋ ಆದ್ಮೇಲೆ ನೋಡೋಣ."

ಈ ಮಾತು ನಿಲ್ಲಬೇಕು ಅನ್ನೋದು ನಮ್ಮ ವಾದ. ಆ ಬಕೆಟ್‌ನಲ್ಲಿ ಇರೋದು ನಮ್ಮ ಕ್ಲಾಸ್‌ಮೇಟ್‌ಗಳ ಮುಖಗಳು. ಒಮ್ಮೆ ಯಾರೋ ಡೌನ್‌ಲೋಡ್ ಮಾಡಿಕೊಂಡರೆ ವಾಪಸ್ ತರೋಕೆ ಆಗಲ್ಲ.

ಅಮೆಜಾನ್ ಎಸ್‌3ಯಲ್ಲಿ 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಿಗೆ ಪಬ್ಲಿಕ್ ಆಗದಂತೆ ತಡೆ ತಾನಾಗಿಯೇ ಬಿದ್ದಿರುತ್ತೆ. ಅಂದರೆ ಪಬ್ಲಿಕ್ ಮಾಡಬೇಕಾದರೆ ನಾವೇ ಹೋಗಿ ಬೀಗ ತೆಗೀಬೇಕು. ಆದರೆ ಅದರ ಅಗತ್ಯವೇ ಇಲ್ಲ. ಪ್ರಿಸೈನ್ಡ್ ಯುಆರ್‌ಎಲ್ ಅಂತ ಒಂದಿದೆ: ನಮ್ಮ ಸರ್ವರ್ ಸಹಿ ಹಾಕಿ ಕೊಡೋ, ಅವಧಿ ಇರೋ ಲಿಂಕ್. ಹತ್ತು ನಿಮಿಷಕ್ಕೆ ಕೊಟ್ಟರೆ ಹತ್ತು ನಿಮಿಷ, ಆಮೇಲೆ ಅದು ಕೆಲಸ ಮಾಡಲ್ಲ. ಫೋನ್‌ನಿಂದ ವಿಡಿಯೋ ನೇರ ಬಕೆಟ್‌ಗೆ ಹೋಗೋದರಿಂದ ನಮ್ಮ ಪುಟ್ಟ ಸರ್ವರ್‌ಗೂ ಭಾರ ಇಲ್ಲ.

ಎರಡನೇದು, ಮೂಲ ವಿಡಿಯೋಗೆ ಒಂದು ಬಕೆಟ್, ಪ್ರೊಸೆಸ್ ಆದದ್ದಕ್ಕೆ ಇನ್ನೊಂದು. ಫೈಲ್ ಬಂದ ತಕ್ಷಣ ಓಡೋ ಫಂಕ್ಷನ್ ತನ್ನ ಔಟ್‌ಪುಟ್ಟನ್ನು ಅದೇ ಬಕೆಟ್‌ಗೆ ಬರೆದರೆ, ಆ ಔಟ್‌ಪುಟ್ಟೇ ಅದನ್ನು ಮತ್ತೆ ಎಬ್ಬಿಸಬಹುದು. ಹಾಗೇ ಸುತ್ತುತ್ತಾ ಇದ್ದರೆ ಬಿಲ್ಲೂ ಏರುತ್ತಾ ಇರುತ್ತೆ.

ಮೂರನೇದು, ಅಳಿಸೋ ದಿನ. ಲೈಫ್‌ಸೈಕಲ್ ರೂಲ್ ಹಾಕಿ 'ಏಳು ದಿನ ಆದ್ಮೇಲೆ ಮೂಲ ವಿಡಿಯೋ ಅಳಿಸು' ಅಂದರೆ ಸಾಕು, ನೆನಪಿಟ್ಟುಕೊಳ್ಳೋ ಕಷ್ಟವೇ ಇಲ್ಲ. ದೊಡ್ಡ ವಿಡಿಯೋಗಳನ್ನು ತುಂಡು ತುಂಡಾಗಿ ಅಪ್‌ಲೋಡ್ ಮಾಡ್ತೀವಲ್ಲ, ಹಾಸ್ಟೆಲ್ ವೈಫೈ ಮಧ್ಯದಲ್ಲಿ ಕೈಕೊಟ್ಟರೆ ಆ ಅರ್ಧಂಬರ್ಧ ತುಂಡುಗಳು ಅಲ್ಲೇ ಉಳಿಯುತ್ತವೆ. ಬಕೆಟ್ ತೆರೆದು ನೋಡಿದರೆ ಫೈಲ್‌ಗಳ ಪಟ್ಟಿಯಲ್ಲಿ ಕಾಣಲ್ಲ, ಆದರೆ ಅವುಗಳಿಗೂ ದುಡ್ಡು ಕಟ್ಟಬೇಕು. ಅವನ್ನು ಗುಡಿಸೋಕೂ ಇದೇ ರೂಲ್‌ನಲ್ಲಿ ಜಾಗ ಇದೆ.

"ನಾಲ್ಕು ಮಾರ್ಕ್ಸ್‌ನ ಪ್ರಾಜೆಕ್ಟ್‌ಗೆ ಇಷ್ಟೆಲ್ಲಾ ಬೇಕಾ?" ಅಂತ ಕೇಳಬಹುದು. ಬೇಕು. ಇದೆಲ್ಲಾ ಸೇರಿ ಒಂದು ಸಂಜೆಯ ಕೆಲಸ. ಸೆಮಿಸ್ಟರ್ ಮುಗಿದು ಟೀಮ್ ಚದುರಿದರೂ ಬಕೆಟ್ ಹಾಗೇ ಇರುತ್ತೆ, ಆದರೆ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನೋದೇ ಮರೆತುಹೋಗಿರುತ್ತೆ.

ಹಾಗಾಗಿ ರಿವ್ಯೂನಲ್ಲಿ ಅಕ್ಯುರಸಿ ಎಷ್ಟು ಅಂತ ಕೇಳೋ ಗೈಡ್‌ಗಳಲ್ಲಿ ನಮ್ಮದೊಂದು ವಿನಂತಿ. ಇನ್ನು ಮೂರು ಪ್ರಶ್ನೆ ಸೇರಿಸಿ: ವಿಡಿಯೋ ಯಾರ್‍ಯಾರು ನೋಡಬಹುದು? ಎಷ್ಟು ದಿನ ಇರುತ್ತೆ? ಯಾರು ಅಳಿಸ್ತಾರೆ? ಅವರು ಕೇಳೋವರೆಗೂ, ಫ್ರೆಂಡ್ ಪ್ರಾಜೆಕ್ಟ್‌ಗೆ ಅಂತ ಕ್ಯಾಮೆರಾ ಮುಂದೆ ನಿಲ್ಲೋ ಮೊದಲು ನಾವೇ ಕೇಳೋಣ.